‘ಇಲ್ಲ’ ಅನ್ನೋಕೆ ಜಾಗ ಇರಲಿ

ಒಬ್ಬರ ನಡವಳಿಕೆ ಎಂಥದ್ದು ಅಂತ ತಿಳಿಯಲು ನಾನು ನೋಡುವುದು ಒಂದೇ ಒಂದು. ಅವರು ಏನಾದರೂ ಕೇಳಿದಾಗ ಎದುರಿನವರಿಗೆ ‘ಇಲ್ಲ’ ಅನ್ನಲು ಆಗುತ್ತದಾ? ಬಹುವಚನ, ದಯವಿಟ್ಟು, ಥ್ಯಾಂಕ್ಸ್, ಎದ್ದು ನಿಂತು ಮಾತಾಡಿಸುವುದು, ಎಲ್ಲ ಒಳ್ಳೆಯದೇ. ಬೇಡ ಅನ್ನುತ್ತಿಲ್ಲ. ಆದರೆ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿಯೂ ಎದುರಿನವರನ್ನು ಗೋಡೆಗೆ ಒತ್ತಿ ನಿಲ್ಲಿಸುವವರಿದ್ದಾರೆ. ಅವರ ಮಾತು ಮುಗಿಯುವಷ್ಟರಲ್ಲಿ ನೀವು ಒಪ್ಪಿಕೊಂಡಾಗಿರುತ್ತದೆ, ಯಾವಾಗ ಒಪ್ಪಿಕೊಂಡಿರಿ ಅಂತ ನಿಮಗೇ ಗೊತ್ತಿರುವುದಿಲ್ಲ. ಇನ್ನು ಕೆಲವರು ಒರಟರು. ಪೀಠಿಕೆ ಇಲ್ಲ, ನೇರವಾಗಿ ಕೇಳುತ್ತಾರೆ. ‘ಆಗಲ್ಲ’ ಅಂದರೆ ‘ಸರಿ ಬಿಡು’ ಅಂದು ಬೇರೆ ಮಾತು ತೆಗೆಯುತ್ತಾರೆ. ಮುಖದಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಒರಟರೇ ಹೆಚ್ಚು ಸಭ್ಯರು.

ಇದು ಸ್ವಲ್ಪ ಅತಿಯಾಯಿತು ಅನ್ನಿಸಬಹುದು. ಇರಲಿ, ಮುಂದೆ ಓದಿ.

ಇಬ್ಬರು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ಎಷ್ಟು ಹೊತ್ತು ಇರುತ್ತದೆ? ಜಪಾನೀಸ್, ಇಟಾಲಿಯನ್, ಡ್ಯಾನಿಶ್, ಕೊರಿಯನ್, ಲಾವೋ ಸೇರಿ 10 ಭಾಷೆಗಳ ಸಹಜ ಮಾತುಕತೆಯನ್ನು ರೆಕಾರ್ಡ್ ಮಾಡಿ ಇದನ್ನು ಅಳೆದಿದ್ದಾರೆ. 2009ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡ್. ಅಂದರೆ ಸೆಕೆಂಡಿನ ಐದನೇ ಒಂದು ಭಾಗ, ಕಣ್ಣು ಮಿಟುಕಿಸುವಷ್ಟು ಹೊತ್ತು. ಭಾಷೆಯಿಂದ ಭಾಷೆಗೆ ವ್ಯತ್ಯಾಸ ಇದೆ, ಆದರೆ ಬಹಳ ಕಡಿಮೆ. ಒಂದೇ ಒಂದು ಪದ ನಾಲಿಗೆಗೆ ಬರಲು ತಲೆಯೊಳಗೆ ಇದಕ್ಕಿಂತ ಜಾಸ್ತಿ ಸಮಯ ಬೇಕು, ಅರ್ಧ ಸೆಕೆಂಡಿಗೂ ಹೆಚ್ಚು. ಹಾಗಾಗಿ ಎದುರಿನವರು ಇನ್ನೂ ಮಾತಾಡುತ್ತಿರುವಾಗಲೇ ನಾವು ಉತ್ತರ ಸಿದ್ಧ ಮಾಡಿಕೊಳ್ಳುತ್ತಿರುತ್ತೇವೆ. ಎಲ್ಲರೂ ಹೀಗೇ. ‘ಕೇಳಿಸಿಕೊಳ್ಳದೆ ಉತ್ತರ ಹುಡುಕುತ್ತಾರೆ’ ಅಂತ ಬೈಯುವವರೂ ಅದನ್ನೇ ಮಾಡುತ್ತಿರುತ್ತಾರೆ.

ನನಗೆ ಮುಖ್ಯ ಅನ್ನಿಸಿದ್ದು ಅದೇ ಅಧ್ಯಯನದ ಇನ್ನೊಂದು ಅಂಶ. ‘ಹೌದು’ ಬೇಗ ಬರುತ್ತದೆ. ‘ಇಲ್ಲ’ ತಡವಾಗಿ ಬರುತ್ತದೆ. ಇದನ್ನು ಒಮ್ಮೆ ಗಮನಿಸಲು ಶುರು ಮಾಡಿದರೆ ಆಮೇಲೆ ಎಲ್ಲ ಕಡೆ ಕಾಣಿಸುತ್ತದೆ. ಸ್ನೇಹಿತನಿಗೆ ಫೋನ್ ಮಾಡಿ ‘ಭಾನುವಾರ ಮನೆ ಶಿಫ್ಟ್ ಮಾಡ್ತಿದ್ದೀನಿ, ಬರ್ತೀಯಾ?’ ಅಂತ ಕೇಳಿ. ಬರುವವನಾದರೆ ನಿಮ್ಮ ಮಾತಿನ ಬಾಲ ಹಿಡಿದೇ ‘ಹೂಂ ಬರ್ತೀನಿ, ಎಷ್ಟೊತ್ತಿಗೆ?’ ಅನ್ನುತ್ತಾನೆ. ಬರಲಾಗದವನು ಹಾಗಲ್ಲ. ಮೊದಲು ಒಂದು ಚಿಕ್ಕ ಮೌನ. ಆಮೇಲೆ ಉಸಿರು ಒಳಗೆಳೆದುಕೊಂಡ ಸದ್ದು. ಆಮೇಲೆ ‘ಭಾನುವಾರನಾ...’ ಅಂತ ನಿಮ್ಮ ಪ್ರಶ್ನೆಯನ್ನೇ ನಿಮಗೆ ವಾಪಸ್ ಕೊಡುತ್ತಾನೆ. ಅವನಿಗೆ ಕೇಳಿಸಲಿಲ್ಲ ಅಂತಲ್ಲ. ಉತ್ತರ ಬಂದಾಗಿದೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವ ಕಷ್ಟದಿಂದ ನೀವು ಅವನನ್ನು ಪಾರು ಮಾಡುತ್ತೀರಾ ಅಂತ ಕಾಯುತ್ತಿದ್ದಾನೆ.

ಇಲ್ಲಿ ಎರಡು ಥರದ ಜನ ಸಿಗುತ್ತಾರೆ. ಒಬ್ಬರು ಆ ಮೌನ ಕೇಳಿದ ತಕ್ಷಣ ‘ಏನಾದ್ರೂ ಕೆಲಸ ಇದ್ರೆ ಪರವಾಗಿಲ್ಲ, ಇನ್ನೂ ಇಬ್ಬರನ್ನ ಕೇಳಿದ್ದೀನಿ’ ಅನ್ನುತ್ತಾರೆ. ಆ ಕಡೆಯಿಂದ ನಿಟ್ಟುಸಿರು ಕೇಳಿಸುತ್ತದೆ. ಇನ್ನೊಬ್ಬರು ಅದೇ ಮೌನವನ್ನು ಇನ್ನೂ ಜೋರಾಗಿ ತಳ್ಳಬೇಕು ಅನ್ನುವ ಸೂಚನೆ ಅಂದುಕೊಳ್ಳುತ್ತಾರೆ. ‘ಹೂಂ ಭಾನುವಾರ, ಬೆಳಗ್ಗೆ ಬೇಗ ಬಾ, ನೀನಿಲ್ದೆ ಆಗಲ್ಲ.’ ಇಬ್ಬರಿಗೂ ಕೇಳಿಸಿದ್ದು ಒಂದೇ ಮೌನ.

ಒಂದು ಎಚ್ಚರಿಕೆ. ವಿಡಿಯೋ ಕಾಲ್‌ನಲ್ಲಿ, ನೆಟ್‌ವರ್ಕ್ ಕೈಕೊಟ್ಟ ಫೋನ್‌ನಲ್ಲಿ ಈ ಲೆಕ್ಕ ಹಿಡಿಯಬೇಡಿ. ಅಲ್ಲಿ ತಡ ಮಾಡುವುದು ಲೈನು, ಮನುಷ್ಯರಲ್ಲ. ಆನ್‌ಲೈನ್ ಮೀಟಿಂಗ್‌ಗಳಲ್ಲಿ ಎಲ್ಲರೂ ಒಂಚೂರು ಅಸಡ್ಡೆಯವರ ಹಾಗೆ ಕಾಣುವುದಕ್ಕೆ ಇದೂ ಒಂದು ಕಾರಣ. ಯೋಚನೆ ಮಾಡಿ ನಿಧಾನಕ್ಕೆ ಮಾತಾಡುವವರೂ ಇರುತ್ತಾರೆ. ಅವರ ‘ಹೌದು’ ಕೂಡ ತಡವಾಗಿಯೇ ಬರುತ್ತದೆ.

‘ಇಲ್ಲ’ ಯಾಕಿಷ್ಟು ಕಷ್ಟ? ಅಮೆರಿಕದಲ್ಲಿದ್ದ ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1955ರಲ್ಲೇ ಈ ವಿಷಯ ಬರೆದಿದ್ದಾರೆ. ಅವರ ಮಾತಿನ ತಿರುಳು ಇಷ್ಟು: ನಾಲ್ಕು ಜನರ ನಡುವೆ ಪ್ರತಿಯೊಬ್ಬರಿಗೂ ಒಂದು ಮುಖ ಇರುತ್ತದೆ, ಮಾತುಕತೆಯಲ್ಲಿ ನಾವು ನಮ್ಮ ಮುಖವನ್ನಷ್ಟೇ ಅಲ್ಲ, ಎದುರಿನವರ ಮುಖವನ್ನೂ ಕಾಪಾಡುತ್ತಿರುತ್ತೇವೆ. ನಾವು ಮುಖಭಂಗ ಅನ್ನುವುದು ಇದಕ್ಕೇ ಅಲ್ವಾ. ‘ಇಲ್ಲ’ ಅಂದಾಗ ಕೇಳಿದವರಿಗೂ ಮುಖಭಂಗ, ಹೇಳಿದವರಿಗೂ ಮುಜುಗರ. ಹಾಗಾಗಿ ಎಷ್ಟೋ ಜನ ಮನಸ್ಸಿಲ್ಲದಿದ್ದರೂ ತಲೆಯಾಡಿಸಿ ಬಿಡುತ್ತಾರೆ. ಆಮೇಲೆ ಮನೆಗೆ ಹೋಗಿ ಗೊಣಗುತ್ತಾರೆ.

ಕೇಳುವವರಿಗೆ ಇದು ತಿಳಿಯುವುದೇ ಇಲ್ಲ ಅನ್ನುವುದು ವಿಚಿತ್ರ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ ಎಂಬ ಇಬ್ಬರು 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅಪರಿಚಿತರ ಹತ್ತಿರ ಸಣ್ಣ ಸಹಾಯ ಕೇಳಿ ಅಂತ ಕೆಲವರನ್ನು ಕಳಿಸಿದರು. ಒಂದು ಫಾರಂ ತುಂಬಿಸಿಕೊಡಿ, ಫೋನ್ ಕೊಡಿ ಒಂದು ಕಾಲ್ ಮಾಡಿಕೊಳ್ಳುತ್ತೇನೆ, ಹೀಗೆ. ಹೋಗುವ ಮುಂಚೆ ಅವರನ್ನು ಕೇಳಿದ್ದರು, ಎಷ್ಟು ಜನರನ್ನು ಕೇಳಬೇಕಾಗಬಹುದು ಅಂತ. ಜನ ಒಪ್ಪಿಕೊಂಡಿದ್ದು ಇವರು ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ. ಓದಿದರೆ ಖುಷಿಯಾಗುತ್ತದೆ, ಲೋಕ ಒಳ್ಳೆಯದು ಅನ್ನಿಸುತ್ತದೆ. ಆದರೆ ಇನ್ನೊಂದು ಕಡೆಯಿಂದಲೂ ನೋಡಿ. ಮುಖಕ್ಕೆ ಮುಖ ಕೊಟ್ಟು ‘ಇಲ್ಲ’ ಅನ್ನುವುದು ಎಷ್ಟು ಕಷ್ಟ ಅಂತ ಕೇಳುವವರ ಲೆಕ್ಕಕ್ಕೆ ಬಂದಿರಲಿಲ್ಲ. ‘ಇಷ್ಟ ಇಲ್ದಿದ್ರೆ ಇಲ್ಲ ಅನ್ಬಹುದಿತ್ತಲ್ಲ, ನಾನೇನು ಬಲವಂತ ಮಾಡಿದ್ನಾ?’ ಅನ್ನುವ ಮಾತು ಕೇಳಿದ್ದೀರಲ್ಲ. ಹೇಳುವವರು ನಿಜವಾಗಿಯೂ ಹಾಗೇ ನಂಬಿರುತ್ತಾರೆ. ಬಲವಂತ ಮಾಡಿದ್ದು ಅವರಿಗೆ ಗೊತ್ತೇ ಇರುವುದಿಲ್ಲ. ಮೇಲಿನವರು ಕೆಳಗಿನವರ ಹತ್ತಿರ ಸಹಾಯ ಕೇಳುವಾಗಲಂತೂ ಇದು ಇನ್ನೂ ಜಾಸ್ತಿ. ಬಾಸ್ ‘ಒಂದು ಸಣ್ಣ ಹೆಲ್ಪ್’ ಅಂದರೆ ಅದು ಹೆಲ್ಪ್ ಅಲ್ಲ, ಆರ್ಡರ್.

ಈಗ ನನಗೆ ತೀರಾ ಸಿಟ್ಟು ಬರುವ ಒಂದು ಅಭ್ಯಾಸ. ‘ಶನಿವಾರ ಸಂಜೆ ಫ್ರೀ ಇದ್ದೀಯಾ?’

ಬರೀ ಇಷ್ಟೇ ಮೆಸೇಜ್. ಯಾಕೆ, ಏನು, ಎಲ್ಲಿಗೆ, ಏನೂ ಇಲ್ಲ. ಇದಕ್ಕೆ ಏನಂತ ಉತ್ತರ ಕೊಡಬೇಕು? ‘ಹೂಂ ಫ್ರೀ’ ಅಂದರೆ ಸಿಕ್ಕಿಬಿದ್ದ ಹಾಗೆ. ಮುಂದಿನ ಮೆಸೇಜ್ ‘ಹಾಗಾದ್ರೆ ನಮ್ಮ ಮಗನ ಪ್ರಾಜೆಕ್ಟ್ ಒಂಚೂರು ಮಾಡಿಸಿಕೊಡು’ ಅಂತ ಬಂದರೆ ತಪ್ಪಿಸಿಕೊಳ್ಳಲು ದಾರಿ ಇಲ್ಲ, ಫ್ರೀ ಅಂತ ನೀವೇ ಹೇಳಿದ್ದೀರಿ. ‘ಇಲ್ಲ’ ಅಂದರೆ, ಅದು ನಿಮಗೆ ಇಷ್ಟವಾದ ವಿಷಯವೇ ಆಗಿದ್ದರೆ? ಹಾಗಾಗಿ ಜನ ‘ಯಾಕೆ? ಏನ್ ವಿಷ್ಯ?’ ಅಂತ ತಿರುಗಿ ಕೇಳುತ್ತಾರೆ. ಆಗ ಕೇಳಿದವರಿಗೆ ಬೇಜಾರು, ‘ಎಷ್ಟು ಲೆಕ್ಕಾಚಾರ ನೋಡು’ ಅಂತ. ಲೆಕ್ಕಾಚಾರ ಶುರು ಮಾಡಿದ್ದು ಯಾರು ಸ್ವಾಮಿ?

ವಿಷಯ ಮೊದಲು, ಬಿಡುವು ಆಮೇಲೆ. ‘ಮಗನ ಪ್ರಾಜೆಕ್ಟ್‌ಗೆ ಒಂದು ಗಂಟೆ ಸಹಾಯ ಬೇಕಿತ್ತು, ಶನಿವಾರ ಸಂಜೆ ನಿನಗೆ ಆಗುತ್ತಾ?’ ಅಂತ ಬರೆದರೆ ಎಲ್ಲ ಸರಿಹೋಗುತ್ತದೆ. ಬೇಡ ಅನ್ನುವವರು ಬಿಡುವಿಲ್ಲ ಅನ್ನುತ್ತಾರೆ. ಅದು ನಿಜವೋ ಸುಳ್ಳೋ ಅಂತ ಕೆದಕುವ ಕೆಲಸ ನಮಗಿಲ್ಲ. ಬಿಡುವಿಲ್ಲ ಅನ್ನುವುದು ಎಷ್ಟೋ ಸಲ ‘ಬೇಡ’ ಅನ್ನುವುದರ ಮೆತ್ತನೆಯ ರೂಪ, ಎರಡೂ ಕಡೆಯವರಿಗೂ ಅದು ಗೊತ್ತಿರುತ್ತದೆ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದರಲ್ಲೇ ಸ್ನೇಹ ಉಳಿಯುವುದು.

ದುಡ್ಡು ಕೇಳುವಾಗ ಇನ್ನೂ ಹುಷಾರಾಗಿರಬೇಕು. ಎದುರು ಕೂತು ಕೇಳಬಾರದು, ಅವರ ಹೆಂಡತಿ ಅಥವಾ ಗಂಡನ ಮುಂದೆ ಕೇಳಲೇಬಾರದು. ಮೆಸೇಜ್ ಹಾಕಿ, ಎಷ್ಟು ಬೇಕು, ಯಾವಾಗ ಕೊಡುತ್ತೀರಿ ಅಂತ ಸ್ಪಷ್ಟವಾಗಿ ಬರೆದು, ಉತ್ತರಕ್ಕೆ ಒಂದು ದಿನ ಬಿಟ್ಟುಬಿಡಿ. ನೀಲಿ ಟಿಕ್ ನೋಡಿ ತಕ್ಷಣ ಫೋನ್ ಮಾಡಬೇಡಿ. ಮೆಸೇಜ್ ಹಾಕುವುದು ಹೇಡಿತನ, ಕೇಳುವುದಾದರೆ ಎದುರಿಗೇ ಕೇಳಬೇಕು ಅನ್ನುವವರಿದ್ದಾರೆ. ಎದುರಿಗೆ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ, ನಿಜ. ಅದು ಸಿಗುವುದೇ ಎದುರಿನವರಿಗೆ ಓಡಿಹೋಗಲು ಆಗದ ಕಾರಣಕ್ಕೆ.

ಹಾಗಂತ ದಾರಿ ಬಿಡುವುದನ್ನೇ ಬಲೆ ಮಾಡಿಕೊಂಡವರೂ ಇದ್ದಾರೆ. ‘ನಿನಗೆ ಕಷ್ಟ ಆದ್ರೆ ಬೇಡ ಬಿಡಪ್ಪಾ, ನಾನು ಹೇಗೋ ಒಬ್ಬಳೇ ಮಾಡ್ಕೋತೀನಿ, ಅಭ್ಯಾಸ ಆಗಿದೆ.’ ಇದು ಬಾಗಿಲು ತೆರೆದು ಹೊಸ್ತಿಲ ಮೇಲೆ ಅಡ್ಡ ಮಲಗಿದ ಹಾಗೆ. ದಾಟಿ ಹೋಗುವವನು ಪಾಪಿಯಾಗುತ್ತಾನೆ. ವ್ಯಾಪಾರ ಮಾಡುವವರಿಗೂ ಈ ಗುಟ್ಟು ಗೊತ್ತು. ಫ್ರಾನ್ಸ್‌ನಲ್ಲಿ ನಿಕೋಲಾ ಗೆಗೆನ್ ಮತ್ತು ಅಲೆಕ್ಸಾಂಡ್ರ್ ಪಾಸ್ಕಲ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಾರಿಹೋಕರ ಹತ್ತಿರ ಬಸ್ಸಿಗೆ ಚಿಲ್ಲರೆ ಕೇಳಿದರು. ಸುಮ್ನೆ ಕೇಳಿದಾಗ ಕೊಟ್ಟವರು ನೂರಕ್ಕೆ 10. ‘ಕೊಡುವುದು ಬಿಡುವುದು ನಿಮ್ಮಿಷ್ಟ’ ಅಂತ ಒಂದು ಮಾತು ಸೇರಿಸಿದಾಗ ಕೊಟ್ಟವರು ನೂರಕ್ಕೆ 47ಕ್ಕೂ ಹೆಚ್ಚು! ಬೇರೆ ಕಡೆ ಮತ್ತೆ ಮಾಡಿದಾಗಲೂ ಇದು ಕೆಲಸ ಮಾಡಿದೆ, ಇಷ್ಟೊಂದು ದೊಡ್ಡ ಪ್ರಮಾಣದಲ್ಲಿ ಅಲ್ಲದಿದ್ದರೂ. ಸ್ವಾತಂತ್ರ್ಯ ಇದೆ ಅಂತ ನೆನಪಿಸಿದರೆ ಜನ ಮೆತ್ತಗಾಗುತ್ತಾರೆ. ಅದನ್ನು ನಿಜವಾಗಿಯೂ ಕೊಡುತ್ತಿದ್ದೀರಾ, ಸುಮ್ನೆ ಬಾಯಿಮಾತಿಗೆ ಹೇಳುತ್ತಿದ್ದೀರಾ ಅನ್ನುವುದು ‘ಇಲ್ಲ’ ಕೇಳಿದ ಮೇಲೆ ನಿಮ್ಮ ಮುಖ ಹೇಗಾಗುತ್ತದೆ ಅನ್ನುವುದರಲ್ಲಿ ಗೊತ್ತಾಗುತ್ತದೆ.

ವಾದಕ್ಕೂ ಇದೇ ಮಾತು. ಬೆಂಜಮಿನ್ ಫ್ರಾಂಕ್ಲಿನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ, ಚಿಕ್ಕ ವಯಸ್ಸಿನಲ್ಲಿ ವಾದ ಮಾಡುವ ಚಟ ಇತ್ತು, ಆಮೇಲೆ ‘ಖಂಡಿತ’, ‘ನಿಸ್ಸಂಶಯ’ ಅನ್ನುವಂಥ ಪದಗಳನ್ನೇ ಬಿಟ್ಟುಬಿಟ್ಟೆ, ಅದರ ಬದಲು ‘ನನಗೆ ಹೀಗೆ ಅನ್ನಿಸುತ್ತದೆ’ ಅನ್ನಲು ಶುರು ಮಾಡಿದೆ ಅಂತ. ವಿನಯದ ಪಾಠ ಅಂತ ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಕಾಣುವುದು ಚತುರತೆ. ‘ನನಗೆ ಹಾಗೆ ನೆನಪು’ ಅಂದಾಗ ಎದುರಿನವರು ‘ಹೌದಾ, ಇರಬಹುದು’ ಅಂದು ಜಾರಿಕೊಳ್ಳಬಹುದು. ‘ಅದು ತಪ್ಪು’ ಅಂದಿರೋ, ಅವರಿಗೆ ಉಳಿಯುವುದು ಎರಡೇ. ಎಲ್ಲರ ಮುಂದೆ ಸೋಲಬೇಕು, ಇಲ್ಲ ತಪ್ಪನ್ನೇ ಹಿಡಿದು ನಿಲ್ಲಬೇಕು. ಎಷ್ಟು ಜನ ಸೋಲುತ್ತಾರೆ ಹೇಳಿ? ಜನರು ಹಟಮಾರಿಗಳು ಅಂತ ದೂರುತ್ತೇವೆ. ಅರ್ಧ ಹಟ ಹುಟ್ಟಿದ್ದು ನಾವು ಹಿಂದೆ ಜಾಗ ಬಿಡದೇ ಹೋದದ್ದರಿಂದ.

ಗಂಡ ಹೆಂಡತಿ ಸೇರಿ ಒಂದು ಹಳೆ ಘಟನೆ ಹೇಳುವುದನ್ನು ಕೇಳಿದ್ದೀರಾ? ‘ಅವತ್ತು ಮಂಗಳವಾರ ಜೋರು ಮಳೆ...’ ‘ಮಂಗಳವಾರ ಅಲ್ಲ, ಬುಧವಾರ.’ ‘ಹಾಂ ಬುಧವಾರ, ಒಂಬತ್ತು ಗಂಟೆಗೆ ಬಸ್ಸು...’ ‘ಬಸ್ಸೆಲ್ಲಿ, ರೈಲು.’ ಕೇಳುವವರಿಗೆ ಬುಧವಾರ ಆದರೇನು ಶುಕ್ರವಾರ ಆದರೇನು? ಕಥೆ ಎರಡನೇ ತಿರುವಿಗೆ ಬರುವಷ್ಟರಲ್ಲಿ ಹೇಳುವವನ ಮುಖ ಬಾಡಿರುತ್ತದೆ, ‘ನೀನೇ ಹೇಳು’ ಅಂತ ಸುಮ್ಮನಾಗುತ್ತಾನೆ. ತಿದ್ದಲೇಬೇಕಾದ ತಪ್ಪುಗಳಿವೆ. ಔಷಧಿಯ ಅಳತೆ, ದುಡ್ಡಿನ ಲೆಕ್ಕ, ಅಲ್ಲಿಲ್ಲದವರ ಮೇಲೆ ಹೊರಿಸುವ ಆರೋಪ. ಇವನ್ನು ಎಲ್ಲರ ಮುಂದೆಯೇ, ಅಲ್ಲೇ ತಿದ್ದಬೇಕು, ಮುಖಭಂಗ ಆದರೂ ಸರಿ. ಉಳಿದದ್ದೆಲ್ಲ ಆಮೇಲೆ ಒಬ್ಬರೇ ಸಿಕ್ಕಾಗ ಹೇಳಿದರಾಯಿತು. ಹೇಳದಿದ್ದರೂ ಆಯಿತು.

ಪ್ರಶ್ನೆ ಕೇಳುವುದು ಒಳ್ಳೆಯ ಅಭ್ಯಾಸ ಅಂತ ಎಲ್ಲರೂ ಹೇಳುತ್ತಾರೆ. ನಿಜವೂ ಹೌದು. ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ಪ್ರಶ್ನೆ ಕೇಳುವವರನ್ನು ಜನ ಹೆಚ್ಚು ಮೆಚ್ಚಿದರು, ಅದರಲ್ಲೂ ಎದುರಿನವರು ಈಗಷ್ಟೇ ಹೇಳಿದ್ದನ್ನೇ ಹಿಡಿದು ಮುಂದಿನ ಪ್ರಶ್ನೆ ಕೇಳುವವರನ್ನು. ಆದರೆ ಎಂಥ ಪ್ರಶ್ನೆ? ‘ಕೆಲಸ ಹೇಗಿದೆ?’ ಅಂತ ಕೇಳಿದರೆ ಎದುರಿನವರು ಎಷ್ಟು ಬೇಕೋ ಅಷ್ಟು ಹೇಳಬಹುದು. ‘ಸಂಬಳ ಎಷ್ಟು ಬರುತ್ತೆ?’ ಅಂದರೆ ಒಂದೋ ಅಂಕಿ ಹೇಳಬೇಕು, ಇಲ್ಲವೋ ಹೇಳಲ್ಲ ಅನ್ನಬೇಕು. ‘ಇನ್ನೂ ಯಾಕೆ ಮದುವೆ ಆಗಿಲ್ಲ?’, ‘ಮಕ್ಕಳು ಯಾವಾಗ?’ ಇವೂ ಅಷ್ಟೇ. ಕೇಳುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ, ಮಾತಿಗೆ ಮಾತು ಅಂತ ಕೇಳುತ್ತಾರೆ. ಉತ್ತರ ಆಸ್ಪತ್ರೆಯ ಫೈಲಿನಲ್ಲಿ ಇರಬಹುದು ಅಂತ ಅವರಿಗೆ ಹೊಳೆಯುವುದಿಲ್ಲ.

ಇದಕ್ಕೆ ತದ್ವಿರುದ್ಧದ ಜನ ಪ್ರಶ್ನೆಯನ್ನೇ ಕೇಳುವುದಿಲ್ಲ. ನೀವು ‘ಮೊನ್ನೆ ಕಾಲು ಉಳುಕಿತ್ತು’ ಅನ್ನಿ, ‘ಅಯ್ಯೋ ನಂದು ಹೋದ ವರ್ಷ ಮೂಳೆಯೇ ಮುರಿದಿತ್ತು’ ಅನ್ನುತ್ತಾರೆ. ಚಾರ್ಲ್ಸ್ ಡರ್ಬರ್ ಎಂಬ ಸಮಾಜಶಾಸ್ತ್ರಜ್ಞ 1979ರಲ್ಲಿ ಇದನ್ನೇ ವಿವರವಾಗಿ ತೋರಿಸಿದ್ದರು, ಮಾತು ನಿಮ್ಮಲ್ಲೇ ಉಳಿಯುವಂಥ ಪ್ರತಿಕ್ರಿಯೆ ಒಂದು, ನಿಮ್ಮಿಂದ ಕಿತ್ತು ತನ್ನ ಕಡೆ ತಿರುಗಿಸಿಕೊಳ್ಳುವ ಪ್ರತಿಕ್ರಿಯೆ ಇನ್ನೊಂದು. ನನಗೆ ಇವರ ಮೇಲೆ ಅಷ್ಟೊಂದು ಸಿಟ್ಟಿಲ್ಲ. ‘ನಾನೂ ಅನುಭವಿಸಿದ್ದೇನೆ, ನಿನ್ನ ಕಷ್ಟ ಗೊತ್ತು’ ಅನ್ನಲು ಹೋಗಿ ಹೀಗಾಗುತ್ತದೆ. ಅವರದು ಹೇಳಿ ಮುಗಿಸಿ ‘ಈಗ ನಿನ್ನ ಕಾಲು ಹೇಗಿದೆ?’ ಅಂತ ವಾಪಸ್ ಬಂದರೆ ಸಾಕು, ಮಾಫಿ.

ಮಾತು ಮುಗಿಸುವುದು ಇನ್ನೊಂದು ಗೋಳು. 2021ರಲ್ಲಿ ಆಡಂ ಮಾಸ್ಟ್ರೋಯಾನಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಇಬ್ಬರೂ ಬಯಸಿದ ಹೊತ್ತಿಗೇ ಮುಗಿದ ಮಾತುಕತೆ ನೂರಕ್ಕೆ ಸುಮಾರು 2 ಮಾತ್ರ. ಕೆಲವರಿಗೆ ಇನ್ನೂ ಮಾತಾಡಬೇಕಿತ್ತು, ಕೆಲವರಿಗೆ ಯಾವಾಗಲೋ ಸಾಕಾಗಿತ್ತು, ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಹೇಳಿಬಿಡಬಹುದಲ್ಲ ಅಂದರೆ, ಹೇಳುವುದಿಲ್ಲ, ಮತ್ತೆ ಅದೇ ಮುಜುಗರ. ಹಾಗಾಗಿ ಸೂಚನೆ ಕೊಡುತ್ತೇವೆ. ಫೋನ್‌ನಲ್ಲಿ ‘ಸರಿ ಹಾಗಾದ್ರೆ...’, ‘ಮತ್ತೆ?’, ‘ಆಯ್ತು, ನೋಡೋಣ’. ಎದುರಿಗಿದ್ದರೆ ಗಾಡಿ ಕೀ ಕೈಗೆ ಬರುತ್ತದೆ, ಕಾಲು ಬಾಗಿಲ ಕಡೆ ತಿರುಗುತ್ತದೆ. ‘ಸರಿ ಹಾಗಾದ್ರೆ’ ಅಂದ ಮೇಲೆ ‘ಅಂದ ಹಾಗೆ ಇನ್ನೊಂದು ವಿಷ್ಯ’ ಅಂತ ಹೊಸ ಅಧ್ಯಾಯ ತೆಗೆಯುವವರು ಒಮ್ಮೆಯಾದರೂ ಎದುರಿನವರ ಕೈಯಲ್ಲಿರುವ ಕೀ ನೋಡಬೇಕು. ನನ್ನ ಉಪಾಯ ಸರಳ. ಫೋನ್ ಶುರುವಿನಲ್ಲೇ ‘ಹತ್ತು ನಿಮಿಷ ಇದೆ, ಆಮೇಲೆ ಹೊರಡಬೇಕು’ ಅಂದುಬಿಡುತ್ತೇನೆ. ಆ ಕಡೆಯವರಿಗೂ ನಿರಾಳ. ಎಷ್ಟೋ ಸಲ ಅವರೇ ಐದು ನಿಮಿಷಕ್ಕೆ ‘ಸರಿ, ನಿಮಗೆ ಲೇಟ್ ಆಗುತ್ತೆ’ ಅಂತ ಇಡುತ್ತಾರೆ, ಅವರಿಗೂ ಅದೇ ಬೇಕಿತ್ತು ಅಂತ ಕಾಣುತ್ತದೆ.

‘ಇಲ್ಲ’ ಹೇಳುವವರಿಗೂ ಒಂದು ಮಾತು. ಕಾರಣ ಜಾಸ್ತಿ ಕೊಡಬೇಡಿ. ಒಂದು ಕಾರಣ ಕೊಟ್ಟರೆ ಉತ್ತರ, ಮೂರು ಕೊಟ್ಟರೆ ಚೌಕಾಸಿ ಶುರು. ‘ಗಾಡಿ ಸರ್ವೀಸಿಗೆ ಬಿಟ್ಟಿದ್ದೀನಿ’ ಅಂದರೆ ‘ನಾನೇ ಬಂದು ಕರ್ಕೊಂಡು ಹೋಗ್ತೀನಿ’ ಅನ್ನುತ್ತಾರೆ. ‘ಈ ಸಲ ಆಗಲ್ಲ, ಕ್ಷಮಿಸಿ’ ಅನ್ನುವುದಕ್ಕೆ ಯಾರೂ ಪರಿಹಾರ ಹುಡುಕಲಾರರು. ಕೇಳಿದವರೂ ಅಷ್ಟೇ, ಕಾರಣ ಕೇಳಬೇಡಿ. ‘ಸರಿ, ಬೇಗ ಹೇಳಿದ್ದು ಒಳ್ಳೇದಾಯ್ತು’ ಅಂದು ಬಿಟ್ಟರೆ ಆಯಿತು. ಹೀಗೆ ಬಿಟ್ಟವರಿಗೆ ಮುಂದಿನ ಸಲ ನಿಜವಾದ ‘ಹೌದು’ ಸಿಗುತ್ತದೆ. ಬಿಡದವರಿಗೆ ಸಿಗುವುದು ಕೊನೇ ಗಳಿಗೆಯ ಜ್ವರ, ಸ್ವಿಚ್ ಆಫ್ ಆದ ಫೋನ್, ಸೈಲೆಂಟ್‌ನಲ್ಲಿತ್ತು ನೋಡಲಿಲ್ಲ ಅನ್ನುವ ಕಥೆ. ಆಗ ‘ಜನ ಎಷ್ಟು ಸುಳ್ಳು ಹೇಳ್ತಾರೆ’ ಅಂತ ಬೇಸರ ಮಾಡಿಕೊಳ್ಳುತ್ತಾರೆ. ನಾವು ಲೇಟಾದರೆ ಟ್ರಾಫಿಕ್ಕು, ಇನ್ನೊಬ್ಬರು ಲೇಟಾದರೆ ಅವರ ಬುದ್ಧಿಯೇ ಅಂಥದ್ದು ಅನ್ನುವುದು ಹಳೇ ರೋಗ. ಲೀ ರಾಸ್ ಎಂಬ ಮನಃಶಾಸ್ತ್ರಜ್ಞ 1977ರಲ್ಲಿ, ಬೇರೆಯವರ ವಿಷಯದಲ್ಲಿ ನಾವು ಸಂದರ್ಭವನ್ನು ಮರೆತು ಸ್ವಭಾವವನ್ನೇ ದೂರುವುದಕ್ಕೆ ಒಂದು ಹೆಸರನ್ನೇ ಕೊಟ್ಟರು. ಇಲ್ಲಿ ಆ ಸಂದರ್ಭ ತಯಾರು ಮಾಡಿದ್ದೇ ಕೇಳಿದವರು ಅನ್ನುವುದು ಇನ್ನೂ ತಮಾಷೆ.

ಕೊನೆಗೆ ಉಳಿಯುವವರು ‘ನೋಡೋಣ’ ಅನ್ನುವವರು. ಇವರಿಗೆ ಎಷ್ಟು ದೊಡ್ಡ ಬಾಗಿಲು ತೆರೆದರೂ ಒಳಗೂ ಬರುವುದಿಲ್ಲ, ಹೊರಗೂ ಹೋಗುವುದಿಲ್ಲ. ‘ನೋಡೋಣ’, ‘ಹೇಳ್ತೀನಿ’, ‘ಟ್ರೈ ಮಾಡ್ತೀನಿ’. ಟಿಕೆಟ್ ಬುಕ್ ಮಾಡುವವರ ಗತಿ ಏನು? ಇವರಿಗೆ ನಾನು ಈಗ ಒಂದೇ ಥರ ಮೆಸೇಜ್ ಹಾಕುತ್ತೇನೆ: ‘ಬುಧವಾರ ರಾತ್ರಿ ಬುಕ್ ಮಾಡ್ತೀನಿ. ಅಷ್ಟರೊಳಗೆ ಉತ್ತರ ಬರದಿದ್ರೆ ಬರಲ್ಲ ಅಂತ ತಿಳ್ಕೋತೀನಿ, ಬೇಜಾರಿಲ್ಲ.’ ಬಾಯಿಬಿಟ್ಟು ‘ಇಲ್ಲ’ ಅನ್ನುವ ಕಷ್ಟವೇ ಅವರಿಗಿಲ್ಲ, ಸುಮ್ಮನಿದ್ದರೆ ಸಾಕು. ಕೆಲವರು ಹಾಗೇ ಸುಮ್ಮನಿರುತ್ತಾರೆ, ಮುಂದೆ ಸಿಕ್ಕಾಗ ನಗುನಗುತ್ತಾ ಮಾತಾಡುತ್ತಾರೆ. ಇನ್ನು ಕೆಲವರು ಬುಧವಾರ ರಾತ್ರಿ ಹತ್ತೂವರೆಗೆ ಫೋನ್ ಮಾಡಿ, ‘ಬುಕ್ ಮಾಡ್ಬಿಟ್ರಾ? ನಂದೂ ಒಂದು ಮಾಡಿ’ ಅನ್ನುತ್ತಾರೆ.